ಅಳಿಸಿದ ಕೈಗಳು

ಕೊರೊನಾ ಕಳೆದು ಜನ ಮತ್ತೆ ಫೋಟೊ ತೆಗೆಸಲು ಮನಸ್ಸು ಮಾಡಿದ್ದ ವರ್ಷ ಅದು. ಮಂಡ್ಯದಲ್ಲಿದ್ದ ನನ್ನ ಸ್ಟುಡಿಯೊ ಮುಚ್ಚಿ, ಮನೆಗಳಿಗೇ ಹೋಗಿ ಮಕ್ಕಳ ಭಾವಚಿತ್ರ ತೆಗೆಯುತ್ತಿದ್ದೆ. ಫ್ಲ್ಯಾಶ್ ಒಯ್ಯುತ್ತಿರಲಿಲ್ಲ, ಬಾಗಿಲಿನ ಬೆಳಕೇ ಸಾಕಾಗುತ್ತಿತ್ತು. ಉಳಿದದ್ದು ಕಾಂಪೊಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಕೂಡಿಸುವ ಕೆಲಸ.

ಹತ್ತಿರದ ಕೊತ್ತತ್ತಿ ಹಳ್ಳಿಯಿಂದ ಸವಿತಾ ಎಂಬಾಕೆ ಕರೆದರು. ಮಗಳು ಸಿರಿಗೆ ಮೂರು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಮಗುವಿಗೆ ಕತ್ತು ನಿಲ್ಲುತ್ತಿರಲಿಲ್ಲ, ಕೂರಲು ಬರುತ್ತಿರಲಿಲ್ಲ.

"ನಾಲೆ ಏರಿ ಮೇಲೆ ಒಬ್ಬಳೇ ಕೂತಿರೋ ಅಂಗೆ ಮಾಡ್ಕೊಡಿ ಅಣ್ಣ. ನನ್ ಕೈ ಕಾಣ್ಬಾರ್ದು. ಒಂದು ಫೋಟದಲ್ಲಾದ್ರೂ ನೋಡ್ದೋರು ಅಯ್ಯೋ ಪಾಪ ಅನ್ನಬಾರ್ದು."

ಮೋಡ ಕವಿದ ಬೆಳಿಗ್ಗೆ ನಡುಮನೆಯ ಬಾಗಿಲ ಬಳಿ ಚಾಪೆ ಹಾಸಿದೆವು. ನೆರಳು ಗಾಢವಾಗದಂತೆ ಎದುರಿಗೆ ಬಿಳಿ ಪಂಚೆ ಕಟ್ಟಿದೆ. ಸವಿತಾ ಮಗುವನ್ನು ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಹಿಡಿದು ಕೂರಿಸಿದರು. ಒಂದರಲ್ಲಿ ಕೈ ಮರೆಮಾಡಿದ್ದ ಭಾಗವನ್ನು ಇನ್ನೊಂದರಿಂದ ತುಂಬಿದೆ. ಅದೇ ಮೋಡದ ಬೆಳಕಿನಲ್ಲಿ ತೆಗೆದ ನಾಲೆ ಏರಿಯ ಚಿತ್ರದಲ್ಲಿ, ಹುಲ್ಲಿನ ಮೇಲೆ ಸಿರಿ ನೆಟ್ಟಗೆ ಕುಳಿತಳು. ಚಿತ್ರ ಕೈಗೆ ಬಂದಾಗ ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಆ ಚಳಿಗಾಲದಲ್ಲೇ ಸಿರಿಗೆ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಮಗು ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ಸವಿತಾ ಒಬ್ಬರೇ ನನ್ನ ಮನೆಗೆ ಬಂದರು. ಕೊಟ್ಟ ನೀರನ್ನೂ ಕುಡಿಯಲಿಲ್ಲ.

"ಅವತ್ತು ನನ್ ಕೈ ಅಳಿಸಿದ್ರಲ್ಲ ಅಣ್ಣ, ವಾಪಸ್ ಆಕ್ಕೊಡಕ್ಕಾಯ್ತದಾ?"

ಏಕೆಂದು ಕೇಳಿದೆ.

"ಮನೇಗೆ ಬಂದೋರು ಫೋಟ ನೋಡಿ, ಮಗು ಚೆನ್ನಾಗೇ ಕೂತದಲ್ಲ, ಏನಾಗಿತ್ತು ಅಂತಾರೆ. ಮೂರ್ ವರ್ಸ ಅವಳ್ನ ಕೆಳಗಿಳಿಸ್ದೆ ಕೈಲೇ ಇಡ್ಕಂಡಿದ್ದೆ. ಆ ಫೋಟದಲ್ಲಿ ನಾನೇ ಇಲ್ಲ."

ಮೂಲ ಚಿತ್ರಗಳು ಕಂಪ್ಯೂಟರಿನಲ್ಲಿದ್ದವು. ಒಂದೊಂದಾಗಿ ತೋರಿಸುತ್ತಾ ಹೋದೆ. ಒಂದರಲ್ಲಿ ಸಿರಿಯ ತಲೆ ತಾಯಿಯ ಅಂಗೈಗೆ ವಾಲಿತ್ತು. ಸುಣ್ಣ ಉದುರಿದ ಗೋಡೆ, ಹಸಿರು ಬಳೆ, ಮಗುವಿನ ಎದೆಯ ಮೇಲೆ ಹರಡಿದ ಬೆರಳುಗಳು. ಮಗು ಬಾಯಿ ತೆರೆದು ನಗುತ್ತಿತ್ತು.

"ಇದ್ನ್ಯಾಕೆ ಅವತ್ತು ತೋರಿಸ್ನಿಲ್ಲ?"

"ಮಗು ಕ್ಯಾಮೆರಾ ಕಡೆ ನೋಡಿರ್ಲಿಲ್ಲ ಕಣಮ್ಮ."

"ನನ್ ಕಡೆ ನೋಡ್ತಿತ್ತು," ಎಂದರು ಸವಿತಾ.

ಅದನ್ನು ಏನೂ ತಿದ್ದದೆ ಮುದ್ರಿಸಿಕೊಟ್ಟೆ. ಅವರು ಚಿತ್ರವನ್ನು ಎದೆಗವಚಿಕೊಂಡೇ ಬಸ್ಸು ಹತ್ತಿದರು.

ಕಾಂಪೊಸಿಟಿಂಗ್ ನಾನು ಬಿಟ್ಟಿಲ್ಲ. ಮಕ್ಕಳನ್ನು ಮೋಡದ ಮೇಲೆ ಕೂರಿಸೆಂದು ಜನ ಈಗಲೂ ಕೇಳುತ್ತಾರೆ, ಕೂರಿಸುತ್ತೇನೆ. ಆದರೆ ಮಗುವನ್ನು ಯಾರಾದರೂ ಹಿಡಿದಿದ್ದ ಒಂದು ಚಿತ್ರವನ್ನೂ ಜೊತೆಗೆ ಮುದ್ರಿಸಿ ಕೊಡುತ್ತೇನೆ. ಇದ್ಯಾಕೆ ಅಂತ ಹೆಚ್ಚಿನವರು ಕೇಳುತ್ತಾರೆ. ಇರಲಿ, ಇಟ್ಟುಕೊಂಡಿರಿ ಅನ್ನುತ್ತೇನೆ, ಅಷ್ಟೇ.