ಗೋಡೆಯನ್ನು ನಂಬಿದ ಐತಾಳರು

ಐತಾಳರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಗೋಡೆಯನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಬನ್ನಿ, ಕೂತ್ಕೊಳ್ಳಿ" ಅಂದವರಿಗೆ ಒಂದು ನಗೆ ಕೊಟ್ಟು, ಸೀದಾ ಹೋಗಿ ಅಲ್ಲಿ ನೇತುಹಾಕಿದ್ದ ಫೋಟೋದ ಕೆಳಗೆ ಎರಡು ಬೆರಳಿಟ್ಟು ಕೂದಲೆಳೆಯಷ್ಟು ಸರಿಸುತ್ತಿದ್ದರು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಈಗ ಕೂತ್ಕೊಳ್ಬಹುದು" ಎನ್ನುತ್ತಿದ್ದರು. ನಮ್ಮ ಮದುವೆಯ ಫೋಟೋಕ್ಕೆ ಈ ಉಪಚಾರ ವಾರಕ್ಕೆರಡು ಸಲವಾದರೂ ಆಗುತ್ತಿತ್ತು. "ನಿಮ್ಮ ಯಜಮಾನ್ರು ಸ್ವಲ್ಪ ಕೆಳಗೆ ಇಳಿದಿದ್ರು ಮಾರಾಯ್ರೆ, ಎತ್ತಿ ಕೂರ್ಸಿದ್ದೇನೆ" ಎಂದು ವರದಿ ಬೇರೆ.

ವೆಸ್ಟ್ ಮಾಂಬಲಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಎದುರು ಬಾಗಿಲು. ನಾವು ತುಮಕೂರಿನ ಕಡೆಯವರು, ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದು ಆರು ವರ್ಷವಾಗಿತ್ತಷ್ಟೆ. ಐತಾಳರು ಕೋಟದಿಂದ ಮೀಸೆ ಮೂಡುವ ಮೊದಲೇ ಬಂದು, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ, ಮೇಲ್ವಿಚಾರಕರಾಗಿ ನಿವೃತ್ತರಾದವರು. ಲೋಕಲ್ ಟ್ರೇನ್ ಹೋದಾಗಲೆಲ್ಲ ಆ ಹೋಟೆಲಿನ ಗೋಡೆ ಅದುರುತ್ತಿತ್ತಂತೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗಲ್ಲಾದ ಹಿಂದಿನ ಏಳು ದೇವರ ಪಟಗಳನ್ನು ನೆಟ್ಟಗೆ ಮಾಡುವುದು ಅವರ ಮೊದಲ ಡ್ಯೂಟಿ. "ದೇವ್ರೇ ಕೋಣಲಾಗಿ ನಿಂತ್ರೆ ಇಡ್ಲಿ ನೆಟ್ಟಗೆ ಆಗ್ತದಾ?" ಎನ್ನುತ್ತಿದ್ದರು. ಸೊಟ್ಟ ಎನ್ನುವುದಕ್ಕೆ ಅವರ ಬಾಯಲ್ಲಿ ತಮಿಳಿನ ಕೋಣಲ್ ಎಂಬ ಮಾತೇ ಬರುತ್ತಿತ್ತು. ನಲವತ್ತು ವರ್ಷ ಏಳು ದೇವರನ್ನು ನೇರ ನಿಲ್ಲಿಸಿದ ಮನುಷ್ಯನ ಕಣ್ಣಿಗೆ ಒಂದು ಸಣ್ಣ ಓರೆಯೂ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಿರಿಕಿರಿ ಮಾಡುತ್ತಿತ್ತು.

ಅವರ ಹೆಂಡತಿ ವಾರಿಜಮ್ಮನಿಗೆ ಇದೆಲ್ಲ ದೊಡ್ಡ ತಮಾಷೆ. "ನನ್ನನ್ನು ನೋಡ್ಲಿಕ್ಕೆ ಬಂದ ದಿನ ಇವರು ನನ್ನ ಮುಖವೇ ನೋಡ್ಲಿಲ್ಲ. ನಿಮ್ಮ ಗಡಿಯಾರ ಎಡಕ್ಕೆ ವಾಲಿದೆ ಅಂತ ಅಪ್ಪಯ್ಯನ ಹತ್ರ ಹೇಳಿದ್ರು. ಅಪ್ಪಯ್ಯ, ಹುಡುಗ ಹುಷಾರಿದ್ದಾನೆ ಅಂತ ಒಪ್ಪಿಬಿಟ್ರು" ಎಂದು ನಗುವಾಗ ಅವರ ಕಿವಿಯ ಲೋಲಾಕುಗಳು ಕುಣಿಯುತ್ತಿದ್ದವು. ಕೆಂಪು ಹರಳಿನ ಉದ್ದನೆಯ ಲೋಲಾಕು, ಮದುವೆಯಲ್ಲಿ ಅವರ ಅಮ್ಮ ತನ್ನ ಕಿವಿಯಿಂದ ಬಿಚ್ಚಿ ಹಾಕಿದ್ದು. ವಾರಿಜಮ್ಮ ಅದನ್ನು ನೀರಿಗಿಳಿಯುವಾಗಲೂ ತೆಗೆದವರಲ್ಲ.

ಇಂಥ ಐತಾಳರ ಕೈಗೆ ಫೋಟೋ ನೇರ ಮಾಡುವ ಸಾಫ್ಟ್‌ವೇರ್ ಕೊಟ್ಟ ಪಾಪಿ ನಾನೇ. ಅಪಾರ್ಟ್‌ಮೆಂಟಿನವರು ಫೋನಿನ ಗ್ರೂಪಿಗೆ ಹಾಕುವ ಫೋಟೋಗಳನ್ನು ನೋಡಿ ನೋಡಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. "ಎಲ್ಲರೂ ಹಡಗಿನಲ್ಲಿ ನಿಂತ ಹಾಗೆ ಉಂಟಲ್ಲ, ಇದಕ್ಕೆ ಎಂತಾದ್ರೂ ಮದ್ದು ಉಂಟಾ ಸುಮಾ?" ಎಂದು ಕೇಳಿದರು. ವರ್ಷವರ್ಷವೂ ಬಾಡಿಗೆ ಕೇಳುವ ದೊಡ್ಡ ಸಾಫ್ಟ್‌ವೇರುಗಳ ಸಹವಾಸ ಬೇಡವೆಂದು, ಒಂದೇ ಸಲ ಕೊಂಡರೆ ಮುಗಿಯುವ ಅಗ್ಗದ್ದೊಂದನ್ನು ಅವರ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟೆ. ಫೋಟೋದಲ್ಲಿ ನೇರ ಇರಬೇಕಾದ ಒಂದು ವಸ್ತುವನ್ನು ಹುಡುಕಿ ಅದರ ಉದ್ದಕ್ಕೂ ಗೆರೆ ಎಳೆದರೆ ಸಾಕು, ಚಿತ್ರ ತಾನೇ ತಿರುಗಿ ನೆಟ್ಟಗಾಗುತ್ತದೆ. ಮೂಲೆಗಳು ಚೂರು ಕತ್ತರಿಸಿಹೋಗುತ್ತವೆ.

ಒಂದೇ ವಾರದಲ್ಲಿ ಅವರು ನನಗೇ ಪಾಠ ಹೇಳುವಷ್ಟು ಪಳಗಿದರು. "ಯಾವಾಗ್ಲೂ ಬಾಗಿಲ ಚೌಕಟ್ಟು ಹಿಡೀಬೇಕು, ಇಲ್ಲಾಂದ್ರೆ ಕಂಬ. ಮನುಷ್ಯರ ಮೇಲೆ ಗೆರೆ ಎಳೀಲಿಕ್ಕೆ ಹೋಗ್ಬಾರ್ದು. ಮನುಷ್ಯರು ವಾಲ್ತಾರೆ. ಗೋಡೆ ವಾಲುದಿಲ್ಲ. ಗೋಡೆಯನ್ನು ನಂಬ್ಬೇಕು."

ಆಮೇಲೆ ಶುರುವಾಯಿತು ನೋಡಿ. ಯಾರು ಏನು ಹಾಕಿದರೂ ಅರ್ಧ ಗಂಟೆಯಲ್ಲಿ ನೇರ ಮಾಡಿಸಿಕೊಂಡು ವಾಪಸು ಬರುತ್ತಿತ್ತು. ಕೇಳಿದವರಿಲ್ಲ, ಬೇಡ ಅನ್ನುವ ಧೈರ್ಯವೂ ಯಾರಿಗಿಲ್ಲ. ನಾನು ಹಾಕಿದ ಮರೀನಾದ ಫೋಟೋ ತಿರುಗಿ ಬಂದಾಗ ಜೊತೆಗೊಂದು ಟಿಪ್ಪಣಿಯಿತ್ತು: "ಸಮುದ್ರ ಬಲಕ್ಕೆ ಇಳಿದಿತ್ತು. ನೀರೆಲ್ಲ ಚೆಲ್ಲಿಹೋಗ್ತಿತ್ತು." ನವರಾತ್ರಿ ಗೊಂಬೆಯ ಫೋಟೋ ನೇರ ಮಾಡುವ ಭರದಲ್ಲಿ ಅಂಚಿನಲ್ಲಿ ನಿಂತಿದ್ದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅರ್ಧ ಕತ್ತರಿಸಿಹೋದರು. ಅವರು ಮುಖ ಊದಿಸಿಕೊಂಡು, "ಎನ್ನ ಸಾರ್, ಎನ್ನೈ ಪಾದಿ ವೆಟ್ಟಿಟ್ಟೀಂಗಳೇ", ನನ್ನನ್ನೇ ಅರ್ಧ ಕತ್ತರಿಸಿಬಿಟ್ಟಿರಲ್ಲ, ಎಂದು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು. ಐತಾಳರು ಮರುದಿನ ಒಂದು ಡಬ್ಬ ಪಾಯಸದೊಂದಿಗೆ ಹೋಗಿ ಕ್ಷಮೆ ಕೇಳಿ ಬಂದರು. ಬರುವಾಗ ಅವರ ಮನೆಯ ಕ್ಯಾಲೆಂಡರನ್ನೂ ಸರಿಮಾಡಿ ಬಂದರು ಅನ್ನಿ.

ಹೋದ ವರ್ಷ ದೀಪಾವಳಿಗೆ ಹತ್ತು ದಿನ ಇರುವಾಗ ವಾರಿಜಮ್ಮ ಅಡುಗೆಮನೆಯಲ್ಲಿ ಬಿದ್ದರು. ಲಕ್ವ. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಮನೆಗೆ ಬಂದಾಗ ಎಡಭಾಗ ಪೂರ್ತಿ ಸೋತಿತ್ತು, ಮಾತು ತೊದಲುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದರೆ ಎಡಕ್ಕೆ ವಾಲುತ್ತಿದ್ದರು. ಎತ್ತಿ ಕೂರಿಸಿದರೆ ಐದು ನಿಮಿಷಕ್ಕೆ ಮತ್ತೆ ವಾಲುತ್ತಿದ್ದರು. ಐತಾಳರು ದಿನವಿಡೀ ಎದುರಿಗೆ ಕೂತು, ಎದ್ದು, ಸರಿಮಾಡಿ, ಕೂತು, ಮತ್ತೆ ಏಳುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ. ಸಾರು, ಪಲ್ಯ ಕೊಡುವ ನೆಪದಲ್ಲಿ ಹೋಗುತ್ತಿದ್ದೆ, ಪಾತ್ರೆ ಇಟ್ಟು ಬರುತ್ತಿದ್ದೆ.

ಕೋಟದಲ್ಲಿ ವಾರಿಜಮ್ಮನ ಅಮ್ಮ ಇದ್ದರು, ಮಗನ ಮನೆಯಲ್ಲಿ. ತೊಂಬತ್ತು ದಾಟಿದ ಜೀವ, ಹೃದಯ ಪುಕುಪುಕು ಅನ್ನುತ್ತಿತ್ತು. ಹೇಳಿದರೆ ಆ ಕ್ಷಣವೇ ಹೋಗಿಬಿಡುತ್ತಾರೆಂಬ ಹೆದರಿಕೆಗೆ ಯಾರೂ ಸುದ್ದಿ ಹೇಳಿರಲಿಲ್ಲ. ಗಂಟಲು ಕೆಟ್ಟಿದೆ, ಡಾಕ್ಟ್ರು ಮಾತಾಡಬಾರದು ಅಂದಿದ್ದಾರೆ ಎಂದು ಫೋನಿನಲ್ಲಿ ಐತಾಳರೇ ಸುಳ್ಳು ಹೇಳಿ ಹೇಳಿ ಒಂದೂವರೆ ತಿಂಗಳು ತಳ್ಳಿದ್ದರು. ಕೊನೆಗೆ ಅಮ್ಮ ಹಟ ಹಿಡಿದರು. ದೀಪಾವಳಿಗೆ ಕಳಿಸಿದ ಹಸಿರು ಸೀರೆ ಉಟ್ಟು ತೆಗೆಸಿದ ಫೋಟೋ ಬೇಕು, ಇಲ್ಲದಿದ್ದರೆ ಊಟ ಮುಟ್ಟುವುದಿಲ್ಲ.

"ಹಳೇ ಫೋಟೋ ನಡೀಲಿಕ್ಕಿಲ್ಲ. ಆ ಸೀರೆಯೇ ಆಗ್ಬೇಕು" ಎಂದು ಐತಾಳರು ನಮ್ಮ ಬಾಗಿಲಲ್ಲಿ ನಿಂತು ಹೇಳಿದರು. ಆ ದಿನ ಅವರು ಒಳಗೆ ಬರಲಿಲ್ಲ, ಗೋಡೆಯನ್ನೂ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ನಾನೇ ಹೋಗಿ ಸೀರೆ ಉಡಿಸಿದೆ, ತಲೆ ಬಾಚಿದೆ. ವಾರಿಜಮ್ಮ ಸರಿಯಿದ್ದ ಕೈಯಿಂದ ಲೋಲಾಕು ಮುಟ್ಟಿ ನೋಡಿಕೊಂಡರು. ಎಡಕ್ಕೆ ದಿಂಬು ಕೊಟ್ಟೆವು, ದಿಂಬಿನ ಸಮೇತ ವಾಲಿದರು. ನಾನು ಹಿಂದೆ ಅಡಗಿ ಭುಜ ಹಿಡಿದೆ, ತಲೆ ವಾಲಿತು. ತಲೆ ಹಿಡಿದರೆ ಫೋಟೋದಲ್ಲಿ ನನ್ನ ಬೆರಳು. ವಾರಿಜಮ್ಮನಿಗೆ ಸುಸ್ತಾಗಿ ಕಣ್ಣಲ್ಲಿ ನೀರು ಬಂತು. "ಬಿಡಿ... ಇವರು... ಮಾಡ್ತಾರೆ" ಎಂದು ತೊದಲುತ್ತ ಗಂಡನ ಕಡೆಗೆ ಕಣ್ಣು ತೋರಿಸಿದರು. ಇದ್ದ ಹಾಗೇ ಫೋಟೋ ತೆಗೆದೆವು.

ಐತಾಳರು ಕಂಪ್ಯೂಟರಿನ ಮುಂದೆ ಕೂತರು. ಹಿಂದಿದ್ದ ಬಾಗಿಲ ಚೌಕಟ್ಟು ನೆಟ್ಟಗಿತ್ತು, ಸರಿಮಾಡುವಂಥದ್ದೇನೂ ಇರಲಿಲ್ಲ. ಆಮೇಲೆ, ನಾನು ಕಂಡ ಹಾಗೆ ಮೊದಲ ಸಲ, ಮನುಷ್ಯರ ಮೇಲೆ ಗೆರೆ ಎಳೆದರು. ಹೆಂಡತಿಯ ಹಣೆಯ ಕುಂಕುಮದಿಂದ ಮಡಿಲವರೆಗೆ. ಚಿತ್ರ ತಿರುಗಿತು. ವಾರಿಜಮ್ಮ ನೆಟ್ಟಗೆ ಕೂತರು. ಬಾಗಿಲು, ಗೋಡೆ, ಕ್ಯಾಲೆಂಡರ್ ಎಲ್ಲ ಇನ್ನೊಂದು ಪಕ್ಕಕ್ಕೆ ವಾಲಿದವು.

"ಗೋಡೆ ನೇರ ಮಾಡಿದ್ರೆ ಇವಳು ಬೀಳ್ತಾಳೆ. ಇವಳನ್ನು ನೇರ ಮಾಡಿದ್ರೆ ಮನೆಯೇ ಬೀಳ್ತದೆ" ಅಂದರು.

ನಾನು ಬುದ್ಧಿವಂತಿಕೆ ಮಾಡಿದೆ. ಬಿಳಿ ಬೆಡ್‌ಶೀಟ್ ತಂದು ಕುರ್ಚಿಯ ಹಿಂದೆ ಕಟ್ಟಿ ಮತ್ತೊಂದು ಫೋಟೋ ತೆಗೆದೆ. ಗೋಡೆಯೇ ಇಲ್ಲ ಅಂದಮೇಲೆ ವಾಲುವುದೇನು ಬಂತು. ಐತಾಳರು ತಿರುಗಿಸಿದರು, ಕುರ್ಚಿ ಕಾಣದಂತೆ ಸುತ್ತ ಕತ್ತರಿಸಿದರು. ಹಸಿರು ಸೀರೆಯಲ್ಲಿ ವಾರಿಜಮ್ಮ ಚೆನ್ನಾಗಿ, ನೇರವಾಗಿ ಕೂತಿದ್ದರು. ನಾನು ಗೆದ್ದೆ ಅಂದುಕೊಂಡೆ.

"ಲೋಲಾಕು ನೋಡಿ" ಅಂದರು ಐತಾಳರು.

ಎರಡು ಲೋಲಾಕೂ ಕೆಳಗೆ ಇಳಿಯುವ ಬದಲು ಒಂದೇ ಪಕ್ಕಕ್ಕೆ ಓರೆಯಾಗಿ ನಿಂತಿದ್ದವು. ಅವು ಭೂಮಿಯ ಕಡೆಗೆ ನೆಟ್ಟಗೇ ತೂಗಿದ್ದವು, ನಾವು ಚಿತ್ರವನ್ನು ತಿರುಗಿಸಿದ್ದೆವು. ಅಳಿಸಿದರೆ ಮುತ್ತೈದೆಯ ಕಿವಿ ಬೋಳಾಗುತ್ತದೆ. ಅದೊಂದನ್ನೇ ಹಿಡಿದು ತಿರುಗಿಸಲು ಆ ಸಾಫ್ಟ್‌ವೇರಿಗೆ ಬರುತ್ತಿರಲಿಲ್ಲ. ನನ್ನ ಆಫೀಸಿನ ಕಂಪ್ಯೂಟರಿನಲ್ಲಿ ಎರಡು ದಿನ ತಿದ್ದಿದೆ, ಕೆನ್ನೆಯ ಮೇಲೆ ಬರೆ ಎಳೆದ ಹಾಗಾಯಿತು. ನನ್ನ ಕೈಲಾಗಲಿಲ್ಲ. ಎಂಥ ಕೆಲಸಗೇಡಿ ನಾನು ಅನ್ನಿಸಿ ಅಳು ಬಂತು.

"ಫ್ಯಾನ್ ಗಾಳಿಗೆ ಹಾರಿದೆ ಅಂತ ಅಂದ್ಕೋತಾರೆ ಬಿಡಿ. ಅಷ್ಟು ವಯಸ್ಸಾದವರಿಗೆ ಎಲ್ಲಿ ಕಾಣ್ಸತ್ತೆ" ಎಂದೆ.

"ಅವರ ಲೋಲಾಕು ಮಾರಾಯ್ರೆ ಅದು" ಎಂದರು. ಆದರೂ ಕಳಿಸಿದರು. ಬೇರೆ ದಾರಿ ಇರಲಿಲ್ಲ.

ಸಂಜೆ ಫೋನ್ ಬಂತು. ನಾನಲ್ಲೇ ಇದ್ದೆ, ಐತಾಳರು ಸ್ಪೀಕರ್ ಹಾಕಿದರು. ಅಮ್ಮನ ದನಿ ನಾನೆಣಿಸಿದ್ದಕ್ಕಿಂತ ಗಟ್ಟಿಯಿತ್ತು. "ಫೋಟೋ ಬಂತು. ಸೀರೆ ಅವಳಿಗೆ ಒಪ್ತದೆ" ಅಂದರು. ನಾವು ಮೂವರೂ ಉಸಿರು ಬಿಟ್ಟೆವು. ಆಮೇಲೆ ಅಮ್ಮ ಅಳಿಯನನ್ನು ಕರೆದು, "ಶ್ರೀಧರಾ, ಅವಳ ಎಡಬದಿಗೆ ಒಂದು ದಿಂಬು ಕೊಡು. ಇಡೀ ದಿನ ಹಾಗೆ ಕೂತ್ರೆ ಸೊಂಟ ನೋಯ್ತದೆ" ಅಂದರು. ಮತ್ತೆ, "ಇಲ್ಲಿಗೆ ಕರ್ಕೊಂಡು ಬಾ. ನಾನು ಇರುವಾಗ್ಲೇ ಬಾ."

ವಾರಿಜಮ್ಮ ಮಗುವಿನ ಹಾಗೆ ಅತ್ತರು. ಐತಾಳರು ಫೋನ್ ಹಿಡಿದೇ ನಿಂತಿದ್ದರು, ಎತ್ತಿ ಕೂರಿಸಲು ಹೋಗಲಿಲ್ಲ.

ಹದಿನೈದು ದಿನದಲ್ಲಿ ಫ್ಲಾಟ್ ಖಾಲಿ ಮಾಡಿದರು. ಹೊರಡುವ ದಿನ ಬೆಳಿಗ್ಗೆ ಹೇಳಿ ಹೋಗಲು ಬರುತ್ತೇನೆಂದಿದ್ದರು. ಅವರು ಬರುವ ಮುಂಚೆ ನಾನು ನಮ್ಮ ಮದುವೆಯ ಫೋಟೋವನ್ನು ಬೇಕೆಂದೇ ಎಡಕ್ಕೆ ವಾಲಿಸಿ ಇಟ್ಟೆ. ಅವರ ಕೈಯಿಂದ ನೇರವಾಗುವಂಥದ್ದು ಲೋಕದಲ್ಲಿ ಒಂದಾದರೂ ಇರಲಿ ಎಂದು. ನನ್ನವರು ನೋಡಿ, "ಇಷ್ಟು ಸೊಟ್ಟ ಮಾಡಿದ್ರೆ ಗೊತ್ತಾಗತ್ತೆ ಕಣೆ" ಅಂದರು. ಗೊತ್ತಾದರೆ ಆಗಲಿ ಎಂದೆ.

ಐತಾಳರು ಬಂದರು. ಚಪ್ಪಲಿ ಬಿಟ್ಟರು. ಸೀದಾ ಬಂದು ಸೋಫಾದಲ್ಲಿ ಕೂತರು, ಫೋಟೋದ ಎದುರಿಗೇ. ನಾನು ಕಾಫಿ ತಂದೆ. ಪೂರ್ತಿ ಕುಡಿದರು, ರೈಲಿನ ಟೈಮು ಹೇಳಿದರು, ಕಂಪ್ಯೂಟರ್ ಬೇಕಾದರೆ ಇಟ್ಟುಕೊಳ್ಳಿ ಎಂದರು. ಅವರ ಕಣ್ಣು ಆ ಫೋಟೋದ ಮೇಲೆಯೇ ಇತ್ತು. ನಾನು ಕಾದೆ. ಲೋಟ ಕೆಳಗಿಟ್ಟು, "ಬರ್ತೇನೆ ಸುಮಾ. ಇವಳನ್ನು ಒಬ್ಬಳೇ ಬಿಟ್ಟು ಬಂದಿದ್ದೇನೆ, ಇಷ್ಟೊತ್ತಿಗೆ ವಾಲಿರ್ತಾಳೆ" ಎಂದು ಎದ್ದು ಹೋದರು.

ಫೋಟೋವನ್ನು ನಾನಿನ್ನೂ ಸರಿಮಾಡಿಲ್ಲ.