ಏಳನೆಯ ವರ್ಷದ ಕಾಗದ

ಹೋದ ವಾರ ನಮ್ಮ ಕಾಲೇಜಿನಲ್ಲಿ ಪ್ರವೇಶದ ದಾಖಲೆ ಪರಿಶೀಲನೆ ನಡೆದಿತ್ತು. ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಫೈಲು ಬಿಚ್ಚಿದಳು. ನುಸಿಗುಳಿಗೆಯ ವಾಸನೆ ಒಮ್ಮೆಗೇ ಎದ್ದು ಬಂತು. ನಮ್ಮ ಕಡೆ ಮನೆಯ ಕಾಗದಪತ್ರಗಳೆಲ್ಲ ಟ್ರಂಕಿನಲ್ಲಿ ಮದುವೆ ಸೀರೆಗಳ ಕೆಳಗೇ ಇರುತ್ತವೆ. ಆಕೆಯ ಅಂಕಪಟ್ಟಿಯನ್ನು ಕೈಗೆತ್ತಿಕೊಂಡ ನಾನು, ಓದುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದೆ. ಪಕ್ಕದಲ್ಲಿದ್ದ ಸಹೋದ್ಯೋಗಿ, “ಏನ್ರೀ ಮೇಡಂ, ಉಪ್ಪಿನಕಾಯಿ ಏನು ಅದು?” ಎಂದು ನಕ್ಕರು. ನನಗೂ ನಗು ಬಂತು. ಎಷ್ಟೋ ವರ್ಷಗಳ ಹಿಂದೆ ಇದೇ ಕಲಬುರಗಿಯಲ್ಲಿ ನನ್ನ ಕಾಗದಗಳನ್ನು ಹೀಗೆ ಮೂಸಿ ನೋಡಿದವರೊಬ್ಬರಿದ್ದರು...

ಅವರು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಗುಮಾಸ್ತರು. ಯಾರು ರಾಜ್ಯದವರು, ಯಾರು ಹೊರರಾಜ್ಯದವರು ಎಂದು ತೀರ್ಮಾನಿಸುವ ಕಿಟಕಿ ಅವರದು. ತಲೆಗೆ ಬಿಳಿ ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ. ಯಾವ ಪ್ರಮಾಣಪತ್ರ ಕೊಟ್ಟರೂ ಮೊದಲು ಮೂಸಿ, ಆಮೇಲೆ ಬೆಳಕಿಗೆ ಹಿಡಿದು, ಕಡೆಗೆ ಓದುತ್ತಿದ್ದರು. ಹುಡುಗರೆಲ್ಲ ಅವರನ್ನು ಮೂಗಿನ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ, ಅವರ ಬೆನ್ನ ಹಿಂದೆ.

ಎಂ.ಎಸ್ಸಿ.ಗೆ ನನ್ನ ಹೆಸರು ಪಟ್ಟಿಯಲ್ಲಿ ಬಂದಿತ್ತು. ಆದರೆ ರಾಜ್ಯದವರ ಫೀ ಹಚ್ಚಬೇಕಾದರೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಬೇಕಿತ್ತು. ಇಲ್ಲವಾದರೆ ಹೊರರಾಜ್ಯದವರ ಫೀ, ಅದರ ಎಷ್ಟೋ ಪಟ್ಟು. ಅದನ್ನು ಕೇಳಿಯೇ ನಮ್ಮಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ಅಪ್ಪ ಬೇಳೆ ಗಿರಣಿಗಳಲ್ಲಿ ಫಿಟ್ಟರ್. ಕೆಲಸ ಎಲ್ಲಿಯೋ ನಾವೂ ಅಲ್ಲಿ. ನಾನು ಐದನೆಯ ಇಯತ್ತೆಯವರೆಗೆ ಕಮಲಾಪುರದಲ್ಲಿ ಅಜ್ಜಿಯ ಹತ್ತಿರ ಓದಿದೆ. ಅಜ್ಜಿ ತೀರಿಕೊಂಡ ಮೇಲೆ ಮಹಾರಾಷ್ಟ್ರದ ಸೊಲ್ಲಾಪುರ. ಅಪ್ಪ ನಂದೂರಿನ ಗಿರಣಿಯಲ್ಲಿದ್ದ ಎರಡು ವರ್ಷ ಪಿಯುಸಿ ಕಲಬುರಗಿಯಲ್ಲಿ, ಡಿಗ್ರಿಗೆ ಮತ್ತೆ ಸೊಲ್ಲಾಪುರ. ಐದೂ ಎರಡೂ ಏಳು, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಒಂದನೆಯ ಇಯತ್ತೆ ಓದಿದ್ದು ಕಮಲಾಪುರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ. ಅದು ಮುಚ್ಚಿ ಬಹಳ ಕಾಲವಾಗಿತ್ತು. ಆ ಒಂದು ವರ್ಷಕ್ಕೆ ನನ್ನ ಹತ್ತಿರ ಕಾಗದ ಇರಲಿಲ್ಲ.

“ಆರೇ ಅವ ಬೇಟಿ,” ಎಂದರು ಸಾಹೇಬರು, ಬೆರಳು ಮಡಿಚಿ ಎಣಿಸಿ.

“ಒಂದನೇತ್ತಾನೂ ಇಲ್ಲೇ ಓದೀನ್ರಿ ಸರ್. ಸಾಲಿ ಬಂದಾಗೇದ.”

“ನಾ ನಂಬ್ತೀನಿ. ಆದ್ರ ನನ್ನ ಫೈಲು ನಂಬಂಗಿಲ್ಲ. ಸೋಮವಾರ ಐದರ ತನಕ ಟೈಮ್ ಅದ.”

ಅವತ್ತು ಗುರುವಾರ. ಕಪನೂರಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ನನ್ನ ಸೋದರಮಾವನಿಗೆ ವಿಷಯ ಹೇಳಿದೆ. ಮಾವನಿಗೆ ಗೊತ್ತಿಲ್ಲದ ಜನವೇ ಇರಲಿಲ್ಲ. ಮರುದಿನ ಮಧ್ಯಾಹ್ನ ಮುಖ ಅರಳಿಸಿಕೊಂಡು ಬಂದ. ಕೈಯಲ್ಲಿ ಒಂದು ಟಿ.ಸಿ., ಆ ಮುಚ್ಚಿದ ಶಾಲೆಯದೇ. ಹಳದಿಗೆ ತಿರುಗಿದ ಕಾಗದ, ಮಾಸಿದ ಸೀಲು, ಅಂಕುಡೊಂಕು ಸಹಿ. “ಯಾರೂ ಹಿಡಿಯಂಗಿಲ್ಲ, ಹೋಗಿ ಕೊಡು,” ಎಂದ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ಓದಿದ್ದು ಖರೇ ಅಲ್ಲವೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡು ಕಿಟಕಿಗೆ ಹೋದೆ.

ಸಾಹೇಬರು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಆಮೇಲೆ ಬಹಳ ಮೆಲ್ಲಗೆ, ನನ್ನ ಹಿಂದೆ ನಿಂತವರಿಗೆ ಕೇಳದ ಹಾಗೆ ಹೇಳಿದರು: “ಬೇಟಿ, ಈ ಕಾಗದ ಚಹಾ ಕುಡದು ಬಂದದ.”

ಹಳೆಯದಾಗಿ ಕಾಣಲೆಂದು ಅದನ್ನು ಚಹಾದಲ್ಲಿ ಅದ್ದಿ ಒಣಗಿಸಿದ್ದರು. ಯಾಲಕ್ಕಿಯ ವಾಸನೆಯೂ ಇತ್ತಂತೆ, ಅದನ್ನು ಅವರು ಆಮೇಲೆ ಹೇಳಿದರು. ಒಳಗೆ ಕರೆದು ಸ್ಟೂಲಿನ ಮೇಲೆ ಕೂಡಿಸಿದರು. ನಾನು ಅಳತೊಡಗಿದೆ.

“ರೂಲ್ ಪ್ರಕಾರ ಇದನ್ನ ಮ್ಯಾಲಿನವ್ರಿಗೆ ತಿಳಸಬೇಕು. ತಿಳಿಸಿದ್ರ ನಿನ್ನ ಸೀಟು ಹೋಗ್ತದ. ಒಂದು ಹೇಳು, ನೀ ಖರೇ ಆ ಸಾಲ್ಯಾಗ ಓದೀಯೇನು?”

“ದೇವರಾಣಿ ಓದೀನ್ರಿ. ಬಾಯಾರು ಕಿವಿ ಹಿಂಡಿದ್ದು ಇನ್ನಾ ನೆನಪದ.”

ಅವರಿಗೆ ನಗು ಬಂತು, ಆದರೆ ತಡೆದುಕೊಂಡರು. “ಮತ್ತ ಖರೇ ಮಾತಿಗೆ ಸುಳ್ಳ ಕಾಗದ ಯಾಕ ತಂದಿ? ಖರೇ ಮಾತಿಗೆ ಖರೇ ಕಾಗದ ಎಲ್ಲ್ಯಾರೆ ಇದ್ದೇ ಇರ್ತದ. ಹುಡುಕೂದು ಬಿಟ್ಟು ಚಹಾ ಕಾಸ್ಕೋತ ಕುಂತೀರಿ.” ಆ ಟಿ.ಸಿ.ಯನ್ನು ಮೇಜಿನ ಡ್ರಾದಲ್ಲಿಟ್ಟು ಕೀಲಿ ಹಾಕಿದರು. “ನಾಳೆ ಸಿ.ಎಲ್. ರಜಾ ಹಾಕ್ತೀನಿ. ಮುಂಜಾನೆ ಎಂಟಕ್ಕ ಬಸ್‌ಸ್ಟ್ಯಾಂಡಿಗೆ ಬಾ. ಮಾವನ್ನೂ ಕರ್ಕೊಂಡು ಬಾ, ಅವನ ಮಾರಿ ನೋಡ್ಬೇಕು.”

ಶನಿವಾರ ನಾವು ಮೂವರೂ ಕಮಲಾಪುರದ ಬಸ್ಸು ಹತ್ತಿದೆವು. ಮಾವ ತಲೆ ತಗ್ಗಿಸಿಯೇ ಕೂತಿದ್ದ. ಕಂಡಕ್ಟರ್ ಸಾಹೇಬರ ಟೋಪಿ ನೋಡಿ, “ಕಹಾಂ ಜಾನಾ ಚಾಚಾ?” ಎಂದು ಹಿಂದಿಯಲ್ಲಿ ಕೇಳಿದ. “ಕಮಲಾಪುರಕ್ಕ ಮೂರು ಕೊಡಪ್ಪಾ,” ಎಂದರು ಇವರು. ಅವನು ಆಚೆ ಹೋದ ಮೇಲೆ ನನ್ನ ಕಡೆ ಬಾಗಿ, “ನಮ್ಮಜ್ಜನ ಅಜ್ಜನೂ ಕಲಬುರಗ್ಯಾಗೇ ಹುಟ್ಯಾನ. ಆದ್ರೂ ದಿನಾ ಒಬ್ರರೆ ಕೇಳ್ತಾರ, ನಿಮ್ದು ಯಾವೂರ್ರಿ ಅಂತ. ನಾನೂ ದಿನಾ ಕಿಟಕ್ಯಾಗ ಕುಂತು ಮಂದಿಗಿ ಅದನ್ನೇ ಕೇಳ್ತೀನಿ. ಹಿಸಾಬ್ ಬರಾಬರ್!” ಎಂದು ಹೊಟ್ಟೆ ಕುಣಿಸಿ ನಕ್ಕರು. ಆಗ ಮಾವನೂ ನಕ್ಕ.

ಆ ಶಾಲೆ ನಡೆಸಿ ಪಾಠವನ್ನೂ ಹೇಳುತ್ತಿದ್ದ ಬಾಯಾರು ಬದುಕಿದ್ದಾರೆಂದು ಬಸ್‌ಸ್ಟ್ಯಾಂಡಿನ ಹಣ್ಣಿನವಳು ಹೇಳಿದಳು. ಮನೆ ಹುಡುಕಿಕೊಂಡು ಹೋದೆವು. ಬಾಯಾರಿಗೆ ಕಣ್ಣು ಮಂಜಾಗಿದ್ದವು. ನಾನು ಅಜ್ಜಿಯ ಹೆಸರು ಹೇಳಿದ್ದೇ ತಡ, “ಮೂಗು ಸೋರತಿತ್ತಲ್ಲ, ಆಕಿ ಏನು? ಈಗರೆ ನಿಂತದೋ ಇಲ್ಲೋ?” ಎಂದರು. ಸಾಹೇಬರು ನನ್ನ ಕಡೆ ತಿರುಗಿ, “ಸಾಕ್ಷಿ ಗಟ್ಟಿ ಅದ,” ಎಂದರು.

ಮಂಚದ ಕೆಳಗಿನ ಟ್ರಂಕಿನಿಂದ ದಾಖಲಾತಿ ರಿಜಿಸ್ಟರು ಹೊರಬಂತು. ಮಾವನೇ ಅದನ್ನು ಎಳೆದದ್ದು, ಪ್ರಾಯಶ್ಚಿತ್ತದ ಹಾಗೆ. ಪುಟ ತಿರುವುತ್ತ ಹೋದಂತೆ ನನ್ನ ಹೆಸರು ಸಿಕ್ಕಿತು. ಅಜ್ಜಿಯ ಹೆಬ್ಬೆರಳಿನ ಗುರುತೂ ಇತ್ತು. ಅದರ ಮೇಲೆ ನನ್ನ ಹೆಬ್ಬೆರಳಿಟ್ಟು ನೋಡಿದೆ...

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುಚ್ಚಿದ ಶಾಲೆಯ ರಿಜಿಸ್ಟರನ್ನು ಕಲಬುರಗಿಯ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಪ್ಪಿಸಬೇಕು. ಅವರು ನೋಡಿ ಬರೆದುಕೊಟ್ಟ ಪ್ರಮಾಣಪತ್ರಕ್ಕೇ ಬೆಲೆ. ಸಾಹೇಬರು ಇದನ್ನು ಹೇಳಿದಾಗ ಬಾಯಾರು ರಿಜಿಸ್ಟರನ್ನು ತೊಡೆಯ ಮೇಲೆ ಎಳೆದುಕೊಂಡರು.

“ಇದೊಂದೇ ಉಳದದ ನಂದು,” ಎಂದರು. “ಕಚೇರಿಗಿ ಒಪ್ಪಿಸಿದ್ರ ಮೂಲ್ಯಾಗ ಒಗಿತಾರ ಅಂತ ಇಷ್ಟು ವರ್ಷ ಮುಚ್ಚಿಟ್ಟೀನಿ. ನಾ ಕೊಡಂಗಿಲ್ರಿ.”

ಮಾವ ಏನೋ ಹೇಳಲು ಹೋದ, ಸಾಹೇಬರು ಕೈ ಮಾಡಿ ಸುಮ್ಮನಾಗಿಸಿದರು. ಒತ್ತಾಯ ಮಾಡಲಿಲ್ಲ. ಬಾಯಾರ ಎದುರು ನೆಲದ ಮೇಲೆ ಕೂತು, ಮೊದಲ ಪುಟದಿಂದ ಒಂದೊಂದೇ ಹೆಸರು ಓದತೊಡಗಿದರು. ಬಾಯಾರು ಪ್ರತಿ ಹೆಸರಿಗೂ ಒಂದು ಮಾತು ಹೇಳುತ್ತ ಹೋದರು. ಇವನು ಲಾರಿ ಡ್ರೈವರ್ ಆಗ್ಯಾನ, ಇಕಿ ನರ್ಸ್, ಇವನು ಬಳಪ ತಿಂತಿದ್ದ... ಎರಡು ತಾಸು ಹೋಯಿತು. ನಮಗೆಲ್ಲ ಕೆಂಪು ಬಾಳೆಹಣ್ಣು ಬಂದವು. ಕಡೆಗೆ ಸಾಹೇಬರು ಜೇಬಿನಿಂದ ಪೆನ್ನು ತೆಗೆದು, “ಬಾಯಾರ, ರಸೀದಿ ಬರಕೊಡ್ತೀನ್ರಿ. ಪುಟ ಎಷ್ಟು, ಹೆಸರು ಎಷ್ಟು, ಎಲ್ಲಾ. ಒಂದು ತಿಂಗಳದಾಗ ಇದರ ಪೂರಾ ಝೆರಾಕ್ಸ್ ಬೈಂಡ್ ಮಾಡ್ಸಿ ನಿಮ್ಮ ಕೈಯಾಗ ಇಡ್ತೀನಿ,” ಎಂದರು.

ಬಾಯಾರು ಬಹಳ ಹೊತ್ತು ಆ ರಟ್ಟಿನ ಮೇಲೆ ಕೈ ಆಡಿಸಿ, “ಅಕ್ಷರ ದೊಡ್ಡವು ಮಾಡ್ಸರಿ,” ಎಂದರು.

ಸೋಮವಾರ ಮುಂಜಾನೆಯೇ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ನಾನೂ ಮಾವನೂ ರಿಜಿಸ್ಟರು ಹಿಡಿದು ಕೂತೆವು. ಕಾಗದ ಕೈಗೆ ಬಂದಾಗ ನಾಲ್ಕು ದಾಟಿತ್ತು. ಸೇಡಂ ರಸ್ತೆಯಲ್ಲಿ ಆಟೋದವನಿಗೆ ಮಾವ ಮಾಡಿದ ಗದ್ದಲ ಇನ್ನೂ ಕಿವಿಯಲ್ಲಿದೆ. ಕಿಟಕಿಯ ಹತ್ತಿರ ಓಡಿ ಬಂದಾಗ ಐದಕ್ಕೆ ಹತ್ತು ನಿಮಿಷ. ಸಾಹೇಬರು ಕಾಗದ ಮೂಸಿದರು, ಬೆಳಕಿಗೆ ಹಿಡಿದರು, ಓದಿದರು, ನಮ್ಮನ್ನು ಮೊದಲ ಸಲ ನೋಡುತ್ತಿರುವವರ ಹಾಗೆ. ನನ್ನ ಅರ್ಜಿಯ ಮೇಲೆ ‘ಕರ್ನಾಟಕ’ ಎಂದು ಬರೆದು ಸೀಲು ಒತ್ತಿದರು. ಮಾವ ಕಿಟಕಿಯ ಮುಂದೆಯೇ ಕಣ್ಣೊರೆಸಿಕೊಂಡ.

“ಆ ಚಹಾದ ಕಾಗದ ಏನ್ ಮಾಡ್ತೀರಿ ಸರ್?” ಎಂದು ಕೇಳಿದೆ.

“ಅದರ ವಿಚಾರ ನಂದು. ನೀ ಓದೂದು ನೋಡು.”

ತಿಂಗಳು ತುಂಬುವ ಮೊದಲೇ ದಪ್ಪ ಬೈಂಡಿನ ಒಂದು ಪ್ರತಿಯನ್ನು ನನ್ನ ಕೈಗಿಟ್ಟು ಕಮಲಾಪುರಕ್ಕೆ ಕಳಿಸಿದರು. ಅಕ್ಷರಗಳು ದೊಡ್ಡವೇ ಇದ್ದವು. ಬಾಯಾರು ಒಂದು ಪುಟವನ್ನು ಕಣ್ಣಿಗೆ ಹಚ್ಚಿ ಹಿಡಿದು, ಹೆಸರು ಓದಿ ನಕ್ಕದ್ದನ್ನು ನಾನು ಬಂದು ಹೇಳಿದಾಗ ಸಾಹೇಬರು ತಲೆ ಅಲ್ಲಾಡಿಸಿ, ಮುಂದಿನ ಹುಡುಗನ ಕಾಗದ ಮೂಸತೊಡಗಿದರು.

ಆಮೇಲೆ ಓದು, ನೌಕರಿ, ಮದುವೆ... ಹತ್ತಿರದಲ್ಲೇ ಇದ್ದೂ ಅವರ ಮನೆಗೆ ಹೋಗಬೇಕೆನ್ನುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಹೋದಾಗ ತಡವಾಗಿತ್ತು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಹೆಂಡತಿ ನನ್ನನ್ನು ಗುರುತಿಸಿದ್ದು ಕಮಲಾಪುರದ ಹೆಸರು ಹೇಳಿದ ಮೇಲೆ.

“ಹಾಂ, ಮೆಮೊ ಹುಡುಗಿ!” ಎಂದರು.

ನನಗೆ ತಿಳಿಯಲಿಲ್ಲ. ಅವರು ಹೇಳಿದರು: ನನ್ನ ಪ್ರವೇಶವಾದ ಮರುದಿನವೇ ಸಾಹೇಬರು ಆ ಸುಳ್ಳು ಟಿ.ಸಿ.ಯ ವಿಷಯವನ್ನು ತಾವೇ ಬರೆದು ಮೇಲಿನವರಿಗೆ ಕೊಟ್ಟಿದ್ದರಂತೆ. ಹುಡುಗಿಯ ದಾಖಲೆ ಖರೇ ಇದೆ, ಕಾಗದ ಬಂದ ದಿನವೇ ತಿಳಿಸದೆ ಇಟ್ಟುಕೊಂಡ ತಪ್ಪು ಮಾತ್ರ ತಮ್ಮದು ಎಂದು. ಅದಕ್ಕೆ ಅವರಿಗೆ ಎಚ್ಚರಿಕೆಯ ಮೆಮೊ ಬಂದಿತ್ತು.

“ನಕ್ಕೋತ ಹೇಳ್ತಿದ್ರು,” ಎಂದರು ಆಕೆ. “ಇಷ್ಟು ವರ್ಷದ ನೌಕರ್ಯಾಗ ಒಂದೇ ಮೆಮೊ, ಅದೂ ಒಂದು ಖರೇ ಹುಡುಗಿ ಸಲುವಾಗಿ ಅಂತ.”

ಹೋದ ವಾರ ಆ ಹುಡುಗಿಯ ದಾಖಲೆ ನೋಡಿ ಸಹಿ ಹಾಕಿ ಕಳಿಸಿದ ಮೇಲೂ ನಾನು ಇದನ್ನೇ ಯೋಚಿಸುತ್ತಿದ್ದೆ. ಎರಡು ವರ್ಷ ದಿನಾ ಅವರ ಕಿಟಕಿಯ ಮುಂದೆಯೇ ನಡೆದುಹೋಗಿದ್ದೆ. ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದೆ. “ಏನ್ ಬೇಟಿ, ಓದ್ಲತ್ತಿ?” ಎಂದು ಅವರು ಕೇಳುತ್ತಿದ್ದರು, ಅಷ್ಟೇ. ಮೆಮೊದ ಮಾತನ್ನು ಒಮ್ಮೆಯೂ ಎತ್ತಲಿಲ್ಲ.