ಹದ್ದಿಗೆ ಸಿಗದ ಹನ್ನೊಂದು

ಹದ್ದು ಎತ್ತಿಕೊಂಡು ಹೋಗಬಹುದಿತ್ತು. ಕಾಗೆ ಕುಕ್ಕಬಹುದಿತ್ತು. ಬೆಕ್ಕು, ಹೆಗ್ಗಣ, ಕೋಳಿಗಳಿಗೆ ಬಡಿಯುವ ಕೊಕ್ಕರೆ ರೋಗ, ಎದುರಿನ ಅಪಾರ್ಟ್‌ಮೆಂಟಿನವರ ದೂರು... ಹೋದ ವಾರ ತ್ಯಾಗರಾಜನಗರದ ಗ್ರಂದಿಗೆ ಅಂಗಡಿಯಲ್ಲಿ ಗುಲಾಬಿ ಬಣ್ಣದ ಪುಡಿಯ ಘಾಟು ಮೂಗಿಗೆ ಬಡಿದಾಗ, ಕೋಳಿ ಕಾದ ಆ ವರ್ಷ ನಾನು ಹೆದರಿದ್ದೆಲ್ಲ ಸಾಲಾಗಿ ನೆನಪಾಯಿತು. ಜೊತೆಗೆ ಓನರ್ ಅಮ್ಮನೂ.

ಉತ್ತರಹಳ್ಳಿಯಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಹೊಲವೆಲ್ಲ ಲೇಔಟಾಗಿ ಅವರಿಗೆ ಉಳಿದದ್ದು ಹಿತ್ತಿಲೊಂದೇ. ಯುಗಾದಿ ಕಳೆದು ತಿಂಗಳಾದ ವಾರ ಅಲ್ಲಿ ಹನ್ನೊಂದು ನಾಟಿ ಕೋಳಿಮರಿಗಳು ಮೊಟ್ಟೆಯೊಡೆದು ಬಂದವು. ಅದೇ ವಾರ ಅವರ ಮಗಳು ಬಸುರಿ ಎಂಬ ಸುದ್ದಿಯೂ ಬಂತು. ಮೊದಲು ಎರಡು ಸಲ ನಿಲ್ಲದ ಬಸಿರು... ಬಾಣಂತನಕ್ಕೆ ಈ ಕೋಳಿಗಳದೇ ಸಾರು, ಇವುಗಳದೇ ಮೊಟ್ಟೆ ಎಂದು ಅಮ್ಮ ಅಂದೇ ತೀರ್ಮಾನಿಸಿದರು. ಒಂದು ಮರಿ ಹೋದರೂ ಅಪಶಕುನವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ದಿನಕ್ಕೆ ನಾಲ್ಕು ಸಲ ಎಣಿಸುತ್ತಿದ್ದರು, ಅಷ್ಟೆ.

“ಸಾರ್, ನೀವು ಹೆಂಗೂ ಮನೇಲೇ ಕೂತು ಕೆಲ್ಸ ಮಾಡೋರು. ಒಂದ್ ಕಣ್ಣು ಮರಿಗಳ ಮೇಲಿರ್ಲಿ.”

“ಎರಡೂ ಇರುತ್ತೆ ಬಿಡಿ, ಅಮ್ಮ.”

“ಗೊತ್ತು. ನೀವು ಪುಕ್ಲು. ಅದಕ್ಕೇ ಕೇಳಿದ್ದು.”

ಹುಟ್ಟಾ ಸಸ್ಯಾಹಾರಿಯಾದ ನಾನು, ಸಾರಾಗಲಿದ್ದ ಕೋಳಿಗಳಿಗೆ ಕಾವಲುಗಾರನಾದೆ.

ಬೇಸಿಗೆಯಲ್ಲಿ ಅಮ್ಮ ಮರಿಗಳಿಗೆಲ್ಲ ಗುಲಾಬಿ ಬಣ್ಣ ಬಳಿದರು. “ಇದು ತಿನ್ನೋದು ಅಂತಾನೇ ಹದ್ದಿಗೆ ಗೊತ್ತಾಗ್ಬಾರ್ದು.” ಆಷಾಢದಲ್ಲಿ ನಾನೊಮ್ಮೆ ಹದ್ದು ಬಂತೆಂದು ತಟ್ಟೆ ಬಡಿದು ಬೀದಿಯನ್ನೇ ಸೇರಿಸಿದೆ, ಮೇಲಿಂದ ಇಳಿದದ್ದು ಸೂತ್ರ ಹರಿದ ಗಾಳಿಪಟ. ಅಮ್ಮ ಬೈಯಲಿಲ್ಲ. “ಇದೂ ಕಾವಲಿಗಿರ್ಲಿ,” ಎಂದು ಅದನ್ನು ನುಗ್ಗೆ ಮರಕ್ಕೆ ಕಟ್ಟಿಸಿದರು. ಮಾಗಿಯಲ್ಲಿ ಮರದ ಎಲೆಯುದುರಿ ಹಿತ್ತಿಲು ಬಯಲಾದಾಗ, ತಮ್ಮ ಹಳೆಯ ಸೀರೆಗಳನ್ನೇ ಚಪ್ಪರದಂತೆ ಬಿಗಿದರು.

ಒಂದು ಮಧ್ಯಾಹ್ನ ಹದ್ದು ನಿಜವಾಗಿಯೂ ಎರಗಿತು. ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿದ್ದ ನಾನು ಮೈಕು ಆರಿಸುವುದನ್ನೂ ಮರೆತು, “ಬಂತು, ಬಂತು” ಎಂದು ಕೂಗುತ್ತ ತಟ್ಟೆ ಬಡಿದೆ. ಕೋಳಿಗಳು ಸೌದೆಯ ಸಂದಿಗೆ ನುಗ್ಗಿದವು. ಸೀರೆಯ ಮೇಲೆ ಬಿದ್ದು ಒದ್ದಾಡಿದ ಹದ್ದು, ಉಗುರಿಗೆ ಸಿಕ್ಕ ಅಂಚಿನ ಚೂರಿನೊಂದಿಗೆ ಮೇಲೆದ್ದು ಹೋಯಿತು.

“ಒಯ್ಲಿ ಬಿಡಿ,” ಅಂದರು ಅಮ್ಮ. “ಬಾಗಿನ ಕೊಟ್ಟಂಗಾಯ್ತು.”

ಸಂಕ್ರಾಂತಿಗೆ ಮೂರು ದಿನ ಮುಂಚೆ ಮಗಳು ಹೆತ್ತಳು. ಹೆಣ್ಣುಮಗು, ಇಬ್ಬರೂ ಕ್ಷೇಮ. ಹಿತ್ತಿಲಲ್ಲಿ ಹನ್ನೊಂದಕ್ಕೆ ಹನ್ನೊಂದು ಕೋಳಿ. ಅವುಗಳ ನಡುವೆ ಅಮ್ಮ ಸೊಂಟದ ಮೇಲೆ ಕೈಯಿಟ್ಟು, ಯುದ್ಧ ಗೆದ್ದವರಂತೆ ನಿಂತರು.

“ಒಂದ್ ಫೋಟೋ ಹೊಡೀರಿ, ಸಾರ್. ಮೊಮ್ಮಗಳು ದೊಡ್ಡೋಳಾದ್ಮೇಲೆ ನೋಡ್ಲಿ.”

ಅಮ್ಮ ಹೋಗಿ ಈಗ ಮೂರು ವರ್ಷ. ಹಿತ್ತಿಲು ಕಾರು ನಿಲ್ಲಿಸುವ ಜಾಗವಾಗಿದೆ. ಆ ಚಿತ್ರ ನನ್ನ ಫೋನಿನಲ್ಲಿದೆ. ಕೋಳಿಗಳನ್ನು ಎಣಿಸಬಹುದು, ಅಷ್ಟೂ ಇವೆ... ನಾನು ಒತ್ತಿದ ಗಳಿಗೆಯಲ್ಲಿ ಮಾತ್ರ ಅವರು, ಅಭ್ಯಾಸಬಲದಿಂದ, ಆಕಾಶದ ಕಡೆ ನೋಡಿಬಿಟ್ಟಿದ್ದರು. ಮೊಮ್ಮಗಳಿಗೆ ತೋರಿಸಲು ಅಜ್ಜಿಯ ಗದ್ದವೊಂದೇ ಇದೆ.